ಬಾಕ್ಸಿಂಗ್ ತೀರ್ಪಿನಲ್ಲಿ ಮೋಸ ಆಯಿತೇ? ಟಿವಿ ಸೌಂಡ್ ಬಂದ್ ಮಾಡಿ ನೀವೇ ಅಂಕ ಹಾಕುವ ಸಮಗ್ರ ಮಾರ್ಗದರ್ಶಿ

ದೊಡ್ಡ ಬಾಕ್ಸಿಂಗ್ ಬೌಟ್ (ಪಂದ್ಯ) ಇದ್ದ ಭಾನುವಾರ ಮಧ್ಯಾಹ್ನ ನನ್ನ ಫೋನಿಗೆ ಬರುವ ಮೆಸೇಜ್ ಹೆಚ್ಚುಕಡಿಮೆ ಒಂದೇ. "ಮೋಸ ಆಯ್ತು ಗುರು, ಜಡ್ಜ್‌ಗಳು ದುಡ್ಡು ತಿಂದಿದ್ದಾರೆ." ಸರಿ, ನೀವು ಹಾಕಿದ ಅಂಕದ ಹಾಳೆ ಕಳಿಸಿ ಅನ್ನುತ್ತೇನೆ. ಅಲ್ಲಿಗೆ ಸದ್ದಿಲ್ಲ. ಕಳಿಸಿದ ಒಬ್ಬಿಬ್ಬರ ಹಾಳೆ ನೋಡಿದರೆ ಅದು ಅವರ ಅಂಕವೇ ಅಲ್ಲ, ಟಿವಿಯಲ್ಲಿ ಕಾಮೆಂಟರಿಯವರು ಹೇಳಿದ್ದನ್ನು ಬರೆದುಕೊಂಡಿರುತ್ತಾರೆ. ಕಾಪಿ ಹೊಡೆದ ಉತ್ತರ ಪತ್ರಿಕೆ ಮೇಷ್ಟ್ರಿಗೆ ಗೊತ್ತಾಗುತ್ತದಲ್ವಾ, ಹಾಗೆ.

ತುಮಕೂರಿನಲ್ಲಿ, ಕ್ಯಾತ್ಸಂದ್ರದ ಕಡೆ ಗೆಳೆಯನ ಮನೆ ಮಹಡಿ ಮೇಲೆ ನಾವು ಐದಾರು ಜನ ಸೇರಿ ಬೌಟ್ ನೋಡುತ್ತೇವೆ. ಲಾಸ್ ವೇಗಸ್‌ನ ಶನಿವಾರ ರಾತ್ರಿ ಅಂದರೆ ನಮಗೆ ಭಾನುವಾರ ಬೆಳಿಗ್ಗೆ. ತಟ್ಟೆ ಇಡ್ಲಿ ತಿಂದು ಕೂತರೆ ಮುಖ್ಯ ಬೌಟ್ ಶುರುವಾಗುವ ಹೊತ್ತಿಗೆ ಸರಿಹೋಗುತ್ತದೆ. ಅಲ್ಲಿ ನಾವೇ ಎಡವಿ, ಜಗಳ ಆಡಿ, ಒಂದು ಸಲ ಎರಡು ವಾರ ಮಾತು ಬಿಟ್ಟು ಕಲಿತ ಕ್ರಮ ಇದು. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಜಾಸ್ತಿ ಜನ ಕೆಡುವುದು ಅಲ್ಲೇ, 9ನೇ ಹಂತವನ್ನು ಮೊದಲು ಮಾಡಿಬಿಡುತ್ತಾರೆ.

ಬೇಕಾಗುವ ಸಾಮಾನು

ಒಂದು ಹಾಳೆ, ಒಂದು ಬಾಲ್‌ಪೆನ್, ಹಳೇ ನ್ಯೂಸ್ ಪೇಪರ್, ಸೆಲೋಟೇಪ್, ಮುಚ್ಚಳ ಇರುವ ಒಂದು ಸ್ಟೀಲ್ ಡಬ್ಬಿ. ಇಷ್ಟೇ. ನನ್ನದು ಜೆರಾಕ್ಸ್ ಅಂಗಡಿ, ಹಾಳೆಗೆ ಬರ ಇಲ್ಲ. ಸರಿಯಾಗಿ ಬಾರದ ಪಹಣಿ ಪ್ರಿಂಟ್‌ಗಳ ಹಿಂಬದಿಯನ್ನೇ ಬಳಸುತ್ತೇವೆ.

ಪೆನ್ಸಿಲ್ ಬೇಡ. ಅಳಿಸಲು ಆಗುತ್ತದೆ ಅಂದರೆ ಅಳಿಸೇ ಅಳಿಸುತ್ತೀರಿ, ಅದೂ 10ನೇ ರೌಂಡಿನಲ್ಲಿ ಕೂತು 3ನೇ ರೌಂಡಿನದನ್ನು.

ನ್ಯೂಸ್ ಪೇಪರ್ ಯಾಕೆ ಅಂದರೆ, ಪರದೆಯ ಕೆಳಗೆ ಪಂಚ್ ಲೆಕ್ಕ, ಚಾನೆಲ್‌ನವರ ಸ್ವಂತ ಅಂಕ ಎಲ್ಲ ಓಡುತ್ತಾ ಇರುತ್ತದೆ. ಅದನ್ನು ಮುಚ್ಚಬೇಕು. ಗಡಿಯಾರ ಮಾತ್ರ ಕಾಣಲಿ. ಟೇಪನ್ನು ಪರದೆಗೆ ಅಂಟಿಸಬೇಡಿ, ಸುತ್ತಲಿನ ಫ್ರೇಮಿಗೆ ಅಂಟಿಸಿ. ಗೋಂದಿನ ಕಲೆ ಬಿದ್ದ ದಿನ ಗೆಳೆಯನ ಹೆಂಡತಿ ನಮಗೆ ಕಾಫಿ ಕೊಡಲಿಲ್ಲ.

ಡಬ್ಬಿ ಫೋನ್‌ಗಳಿಗೆ. ಬೌಟ್ ಮುಗಿಯುವವರೆಗೆ ಎಲ್ಲರ ಫೋನೂ ಅದರೊಳಗೆ.

ಹಂತ 1: ಇದು ಯಾವ ಲೆಕ್ಕದ ಬೌಟ್ ಅಂತ ಮೊದಲೇ ತಿಳಿದುಕೊಳ್ಳಿ

ವೃತ್ತಿಪರ ಬೌಟ್‌ನಲ್ಲಿ ಅಂಕ ಹಾಕುವವರು ಸಾಮಾನ್ಯವಾಗಿ 3 ಜಡ್ಜ್‌ಗಳು. ಗಂಡಸರ ಪಟ್ಟದ ಬೌಟ್ ಅಂದರೆ 3 ನಿಮಿಷದ 12 ರೌಂಡ್. ಹೆಂಗಸರದು ಹೆಚ್ಚಾಗಿ 2 ನಿಮಿಷದ 10 ರೌಂಡ್. ಒಲಿಂಪಿಕ್ಸ್‌ನಲ್ಲಿ 3 ನಿಮಿಷದ 3 ರೌಂಡ್ ಮಾತ್ರ, ಆದರೆ ಜಡ್ಜ್‌ಗಳು 5 ಜನ. ಎರಡರಲ್ಲೂ ರೌಂಡ್ ಗೆದ್ದವರಿಗೆ 10, ಸೋತವರಿಗೆ 9 ಅಥವಾ ಇನ್ನೂ ಕಡಿಮೆ.

ಈ ಲೆಕ್ಕ ಗೊತ್ತಿಲ್ಲದಿದ್ದರೆ ಸುಮ್ಮಸುಮ್ಮನೆ ಮೋಸ ಮೋಸ ಅಂತ ಕೂಗುತ್ತೀರಿ. 2021ರ ಜುಲೈನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಕೊಲಂಬಿಯಾದ ಇಂಗ್ರಿಟ್ ವೇಲೆನ್ಸಿಯಾಗೆ 3-2ರಲ್ಲಿ ಸೋತರು. ಮೊದಲ ರೌಂಡಿನಲ್ಲಿ 4 ಜಡ್ಜ್‌ಗಳು ವೇಲೆನ್ಸಿಯಾ ಕಡೆ, ಒಬ್ಬರು ಮೇರಿ ಕಡೆ. ಎರಡನೆಯದು, ಮೂರನೆಯದು ಎರಡೂ 3-2ರಲ್ಲಿ ಮೇರಿ ಕಡೆಗೆ. ಆ ದಿನ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಎರಡು ರೌಂಡ್ ಗೆದ್ದವರು ಹೆಂಗೆ ಸೋಲ್ತಾರೆ ಸಾರ್?"

ಒಂದು ಚೀಟಿ ತಗೊಂಡು ಬರೆದು ನೋಡಿ. 5 ಜಡ್ಜ್, 3 ರೌಂಡ್, ಒಟ್ಟು 15 ಅಭಿಪ್ರಾಯ. ಮೇರಿಗೆ ಬಂದದ್ದು 1, 3, 3. ಅಂದರೆ 7. ವೇಲೆನ್ಸಿಯಾಗೆ 4, 2, 2. ಅಂದರೆ 8. ಇಲ್ಲಿ ರೌಂಡ್‌ಗಳನ್ನು ಎಣಿಸುವುದಿಲ್ಲ. ಒಬ್ಬೊಬ್ಬ ಜಡ್ಜ್ ಹಾಕಿದ ಮೂರೂ ರೌಂಡಿನ ಅಂಕವನ್ನು ಬೇರೆಬೇರೆ ಕೂಡಿ, ಆಮೇಲೆ ಐವರಲ್ಲಿ ಎಷ್ಟು ಜನರ ಮೊತ್ತ ಯಾರ ಕಡೆ ಇದೆ ಅಂತ ನೋಡುತ್ತಾರೆ. ಮೊದಲ ರೌಂಡಿಗೆ 4-1 ಕೊಟ್ಟದ್ದು ಸರಿಯೇ ಅಂತ ಬೇಕಾದರೆ ಜಗಳ ಆಡಿ, ಅದು ಆಡಬೇಕಾದ ಜಗಳ. ಕೂಡಿದ್ದರಲ್ಲಿ ತಪ್ಪಿಲ್ಲ.

ಹಂತ 2: ಹಾಳೆಗೆ ಗೆರೆ ಹಾಕಿ

ಐದು ಕಾಲಂ. ರೌಂಡ್ ನಂಬರ್, ಕೆಂಪು, ನೀಲಿ, ಅನುಮಾನ, ಕಾರಣ. ಬಾಕ್ಸರ್ ಹೆಸರು ಬರೆಯಬೇಡಿ, ರಿಂಗಿನಲ್ಲಿ ಅವರಿಗೆ ಕೊಟ್ಟ ಮೂಲೆಯ ಬಣ್ಣ ಬರೆಯಿರಿ. ಹೆಸರಿನ ಜೊತೆ ನಿಮ್ಮ ಅಭಿಮಾನವೂ ಬಂದು ಕೂರುತ್ತದೆ. ಕೆಲವು ಸಲ ಕೆಂಪು ಮೂಲೆಯವನೇ ನೀಲಿ ಚಡ್ಡಿ ಹಾಕಿರುತ್ತಾನೆ, ಅದನ್ನು ಹಾಳೆಯ ತಲೆಯಲ್ಲೇ ಗುರುತು ಮಾಡಿ. ನನ್ನ ಭಾಮೈದ ಇದೊಂದನ್ನು ಮರೆತು ನಾಲ್ಕು ರೌಂಡ್ ತಿರುಗಾಮುರುಗಾ ಹಾಕಿದ್ದ.

ಮೊತ್ತದ ಕಾಲಂ ಇರಬಾರದು. ಪ್ರತಿ ರೌಂಡಿಗೂ ಕೂಡುತ್ತಾ ಹೋದರೆ, ಒಬ್ಬ ನಾಲ್ಕು ರೌಂಡ್ ಹಿಂದೆ ಬಿದ್ದಿದ್ದಾನೆ ಅಂತ ಕಂಡಾಗ ಐದನೆಯದನ್ನು ಪಾಪ ಅಂತ ಅವನಿಗೆ ಕೊಡುತ್ತೀರಿ. ಎಲ್ಲರೂ ಕೊಡುತ್ತಾರೆ. ಬರೆದ ರೌಂಡ್ ಕಾಣದ ಹಾಗೆ ಹಾಳೆಯನ್ನು ಹಿಂದಕ್ಕೆ ಮಡಿಚುತ್ತಾ ಹೋಗಿ.

ಹಂತ 3: ಸೌಂಡ್ ಬಂದ್

ಕಡಿಮೆ ಮಾಡುವುದಲ್ಲ, ಪೂರ್ತಿ ಬಂದ್. "ನನಗೆ ಇಂಗ್ಲಿಷ್ ಅಷ್ಟಾಗಿ ತಿಳಿಯಲ್ಲ, ಕಾಮೆಂಟರಿ ನನ್ನನ್ನೇನು ಮಾಡುತ್ತೆ" ಅನ್ನುವವರು ಮೊದಲು ಬೀಳುತ್ತಾರೆ. ಕೆಲಸ ಮಾಡುವುದು ಮಾತಲ್ಲ, ಧ್ವನಿ. ಒಬ್ಬ ಕೈ ಎತ್ತಿದರೆ ಸಾಕು ಧ್ವನಿ ಏರುತ್ತದೆ, ಇನ್ನೊಬ್ಬ ಮೂಗಿಗೆ ನೆಟ್ಟಗೆ ಕೊಟ್ಟಾಗ ಅವರು ಅವನ ಬಾಲ್ಯದ ಕಥೆ ಹೇಳುತ್ತಿರುತ್ತಾರೆ. ನಿಮ್ಮ ಕಣ್ಣು ಧ್ವನಿಯ ಹಿಂದೆ ಹೋಗುತ್ತದೆ. ತಲೆಗೆ ಹುಳ ಬಿಡುವುದು ಅಂದರೆ ಇದೇ.

"ಜನರ ಗಲಾಟೆ ಮಾತ್ರ ಇಟ್ಟುಕೊಳ್ಳೋಣ, ಮಜಾ ಇರುತ್ತೆ" ಅಂತ ಇನ್ನು ಕೆಲವರು. ಅದೂ ಬೇಡ. ಯುರೋಪಿಯನ್ ಚಾಂಪಿಯನ್‌ಶಿಪ್ ಬೌಟ್‌ಗಳ ಬಗ್ಗೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತವರಿನ ಬಾಕ್ಸರ್ ಗೆಲ್ಲುವುದು ನಾಕೌಟ್‌ಗಿಂತ ಜಡ್ಜ್‌ಗಳ ತೀರ್ಪಿನಲ್ಲೇ ಜಾಸ್ತಿ ಅಂತ ಕಂಡುಬಂತು. ತರಬೇತಿ ಪಡೆದವರ ಗತಿಯೇ ಇದಾದರೆ ಇಡ್ಲಿ ತಿಂದು ಕೂತ ನಮ್ಮದು ಕೇಳಬೇಕೇ.

ಇನ್ನೊಂದು ಕಾರಣ ಯಾರೂ ಹೇಳುವುದಿಲ್ಲ. ಪಂಚ್‌ನ ಸದ್ದೂ ಸುಳ್ಳು ಹೇಳುತ್ತದೆ. ತೋಳಿನ ಮೇಲೆ, ಗ್ಲೌಸ್ ಮೇಲೆ ಬಿದ್ದ ಪೆಟ್ಟು ಪಟಾರ್ ಅನ್ನುತ್ತದೆ. ಪಕ್ಕೆಗೆ ಸರಿಯಾಗಿ ಇಳಿದದ್ದು ಧಪ್ ಅಂತ ಸುಮ್ಮನಾಗುತ್ತದೆ. ಕಿವಿ ನಂಬಿದರೆ ತಡೆದ ಪೆಟ್ಟಿಗೆಲ್ಲ ಅಂಕ ಕೊಡುತ್ತೀರಿ.

ಗಂಟೆ ಕೇಳಿಸುವುದಿಲ್ಲ ಅನ್ನುವ ತೊಂದರೆ ಒಂದಿದೆ. ಗಡಿಯಾರ ನೋಡಿಕೊಳ್ಳಿ, ರೆಫರಿ ನಡುವೆ ಬರುವುದೂ ಕಾಣುತ್ತದೆ. ಎರಡು ರೌಂಡಿಗೆ ರೂಢಿಯಾಗುತ್ತದೆ.

ಹಂತ 4: ಏನನ್ನು ನೋಡಬೇಕು

ಇಲ್ಲಿ ಅವಸರ ಬೇಡ, ಉಳಿದ ಎಲ್ಲ ಹಂತ ಸರಿಮಾಡಿ ಇದೊಂದನ್ನು ಕೆಡಿಸಿದರೆ ಆ ಹಾಳೆಯ ಪಹಣಿ ಮಗ್ಗುಲೇ ವಾಸಿ.

ವೃತ್ತಿಪರ ಜಡ್ಜ್‌ಗಳು ನೋಡಬೇಕಾದದ್ದು ನಾಲ್ಕು: ಸ್ವಚ್ಛವಾಗಿ ಬಿದ್ದ ಪಂಚ್, ಫಲ ಕೊಟ್ಟ ಆಕ್ರಮಣ, ರಿಂಗ್ ಮೇಲಿನ ಹಿಡಿತ, ರಕ್ಷಣೆ. ನಾಲ್ಕನ್ನೂ ಒಟ್ಟಿಗೆ ತೂಗಲು ಹೋದರೆ ಹೊಸಬರಿಗೆ ತಲೆ ಕೆಡುತ್ತದೆ. ನಾನು ಹೇಳಿಕೊಡುವುದು ಹೀಗೆ: ಮೊದಲು ಪಂಚ್ ಮಾತ್ರ ನೋಡಿ. ಅದರಲ್ಲಿ ಇಬ್ಬರೂ ಸಮ ಅನ್ನಿಸಿದರೆ ಮಾತ್ರ ಉಳಿದ ಮೂರನ್ನು ಕೇಳಿ.

ಸ್ವಚ್ಛ ಅಂದರೆ, ಗ್ಲೌಸಿನ ಗೆಣ್ಣಿನ ಭಾಗ, ಮುಖಕ್ಕೆ ಅಥವಾ ತಲೆಯ ಪಕ್ಕಕ್ಕೆ ಅಥವಾ ಬೆಲ್ಟಿನ ಮೇಲಿನ ಮೈಗೆ, ಮಧ್ಯೆ ಕೈಯೋ ಭುಜವೋ ಅಡ್ಡ ಬರದೆ ಬಿದ್ದಿರಬೇಕು. ಅದನ್ನು ಗುರುತಿಸಲು ಒಂದು ಉಪಾಯ ಇದೆ. ಹೊಡೆಯುವವನ ಕೈ ನೋಡಬೇಡಿ, ಹೊಡೆಸಿಕೊಳ್ಳುವವನ ತಲೆ ನೋಡಿ. ಕೈ ಎಲ್ಲರದ್ದೂ ಚೆಂದವಾಗಿಯೇ ಓಡುತ್ತದೆ. ತಲೆ ಹಿಂದಕ್ಕೆ ಜಗ್ಗಿತೇ, ಕೂದಲ ಬೆವರು ಹಾರಿತೇ, ಮೊಣಕಾಲು ಒಂದು ಕ್ಷಣ ಸಡಿಲಾಯಿತೇ, ಕೂಡಲೇ ಹೋಗಿ ತಬ್ಬಿಕೊಂಡನೇ? ಬಿದ್ದಿದೆ. ಯಾವುದೂ ಇಲ್ಲ, ಮುಂದೆ ಬರುತ್ತಲೇ ಇದ್ದಾನೆ ಅಂದರೆ ಅರ್ಧ ತಪ್ಪಿಸಿಕೊಂಡಿದ್ದಾನೆ.

3 ನಿಮಿಷವನ್ನು ಮೂರು ತುಂಡು ಮಾಡಿ. ಒಂದೊಂದು ನಿಮಿಷ ಮುಗಿದಾಗಲೂ ಕಾರಣದ ಕಾಲಂನಲ್ಲಿ ಚಿಕ್ಕದಾಗಿ ಕೆಂ ಅಥವಾ ನೀ ಅಂತ ಬರೆಯಿರಿ. ಪರದೆಯಿಂದ ಕಣ್ಣು ತೆಗೆಯದೆ ಬರೆಯಲು ಕಲಿಯಿರಿ, ಅಕ್ಷರ ಸೊಟ್ಟ ಇದ್ದರೂ ಪರವಾಗಿಲ್ಲ. ಇದು ಯಾಕೆ ಬೇಕು ಅಂದರೆ ನಮ್ಮ ನೆನಪು ಕೊನೆಯ 30 ಸೆಕೆಂಡನ್ನು ಮಾತ್ರ ಹಿಡಿದುಕೊಳ್ಳುತ್ತದೆ, ಬುದ್ಧಿವಂತ ಬಾಕ್ಸರ್‌ಗಳಿಗೆ ಇದು ಚೆನ್ನಾಗಿ ಗೊತ್ತು. 1987ರ ಏಪ್ರಿಲ್‌ನಲ್ಲಿ ಶುಗರ್ ರೇ ಲಿಯೊನಾರ್ಡ್ ಮಾರ್ವಿನ್ ಹ್ಯಾಗ್ಲರ್ ವಿರುದ್ಧ ಮಾಡಿದ್ದೇ ಅದು. ರೌಂಡ್ ಮುಗಿಯಲು ಬಂದಾಗ ಪಟಪಟ ಅಂತ ಒಂದು ಮಳೆ ಸುರಿಸಿ ಜನರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ. ಒಬ್ಬ ಜಡ್ಜ್ ಹ್ಯಾಗ್ಲರ್‌ಗೆ 115-113, ಇನ್ನೊಬ್ಬರು ಲಿಯೊನಾರ್ಡ್‌ಗೆ 115-113, ಮೂರನೆಯವರು ಲಿಯೊನಾರ್ಡ್‌ಗೆ 118-110 ಹಾಕಿದರು. ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಬೌಟ್ ಸಿಗಲಿಕ್ಕಿಲ್ಲ. ಒಮ್ಮೆ ನಿಮಿಷದ ಗುರುತು ಇಲ್ಲದೆ, ಒಮ್ಮೆ ಗುರುತು ಹಾಕಿ ನೋಡಿ. ನನ್ನ ಎರಡು ಹಾಳೆಯಲ್ಲಿ ಎರಡು ರೌಂಡ್ ಅದಲುಬದಲಾಗಿತ್ತು.

ಮುಂದೆ ನುಗ್ಗುವುದಕ್ಕೆ ಅಂಕ ಇಲ್ಲ. ನುಗ್ಗಿ ಹೊಡೆದರೆ ಉಂಟು. ನುಗ್ಗಿ ಹೊಡೆಸಿಕೊಂಡರೆ ಅದು ಎದುರಿನವನ ಲೆಕ್ಕಕ್ಕೆ.

ರಕ್ತಕ್ಕೂ ಅಂಕ ಇಲ್ಲ. ಗೆಳೆಯನ ಅಮ್ಮ ಅವರೆಕಾಯಿ ಬಿಡಿಸುತ್ತಾ ನಮ್ಮ ಜೊತೆ ಕೂರುತ್ತಾರೆ. ಇಂಗ್ಲಿಷ್ ಬಾರದು, ಯಾವ ಬಾಕ್ಸರ್ ಹೆಸರೂ ಗೊತ್ತಿಲ್ಲ. ಇವರಿಗಿಂತ ಒಳ್ಳೆ ಜಡ್ಜ್ ಎಲ್ಲಿ ಸಿಗುತ್ತಾರೆ ಅಂದುಕೊಂಡಿದ್ದೆ. ಆದರೆ ಹುಬ್ಬು ಒಡೆದವನನ್ನು ಕಂಡ ಕೂಡಲೇ "ಪಾಪ ಕಣ್ರೋ, ನಿಲ್ಲಿಸೋಕೆ ಹೇಳ್ರೋ" ಅಂತ ಆ ರೌಂಡನ್ನೂ ಮುಂದಿನ ಮೂರನ್ನೂ ಎದುರಿನವನಿಗೆ ಕೊಟ್ಟುಬಿಡುತ್ತಾರೆ. ತಲೆಗೆ ತಲೆ ತಾಗಿ ಒಡೆದದ್ದಾದರೂ ಅಷ್ಟೇ.

ಹಂತ 5: ರೌಂಡ್ ಮುಗಿದ ಕೂಡಲೇ ಬರೆಯಿರಿ

ಹತ್ತು ಸೆಕೆಂಡ್ ಒಳಗೆ. ಮಾತಾಡುವ ಮುಂಚೆ, ಕಾಫಿ ಲೋಟ ಎತ್ತುವ ಮುಂಚೆ.

ಸಾಮಾನ್ಯ ರೌಂಡ್ 10-9. ಒಮ್ಮೆ ನೆಲಕ್ಕೆ ಬಿದ್ದರೆ 10-8, ಎರಡು ಸಲ ಬಿದ್ದರೆ 10-7. ಬಿದ್ದವನೇ ಉಳಿದ ಹೊತ್ತೆಲ್ಲ ಸ್ಪಷ್ಟವಾಗಿ ಚೆನ್ನಾಗಿ ಆಡಿದ್ದರೆ 10-9ಕ್ಕೆ ಇಳಿಸುವುದುಂಟು. ಕಾಲು ಜಾರಿ ಬಿದ್ದದ್ದು ಲೆಕ್ಕಕ್ಕಿಲ್ಲ, ರೆಫರಿ ಎಣಿಸಲು ಶುರು ಮಾಡಿದರೇ ಅಂತ ನೋಡಿ. ರೆಫರಿ ಫೌಲ್‌ಗೆ ಅಂಕ ಕಳೆದರೆ ಮೊದಲು ರೌಂಡಿನ ಅಂಕ ಹಾಕಿ, ಆಮೇಲೆ ಕಳೆಯಿರಿ. ಕೆಂಪು 10-9 ಗೆದ್ದು ಒಂದು ಅಂಕ ಕಳೆದುಕೊಂಡರೆ 9-9. ಇಲ್ಲಿ ಜಾಸ್ತಿ ಜನ ಕಳೆಯುವುದನ್ನೇ ಮರೆಯುತ್ತಾರೆ.

10-10 ಹಾಕುವ ಆಸೆ ಬರುತ್ತದೆ. ತಡೆದುಕೊಳ್ಳಿ. ಯಾರಿಗಾದರೂ ಕೊಟ್ಟು, ಅನುಮಾನದ ಕಾಲಂನಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಆ ಪ್ರಶ್ನೆ ಚಿಹ್ನೆ 7ನೇ ಹಂತದಲ್ಲಿ ಬಂಗಾರ.

ಹಂತ 6: ವಿರಾಮದ ಒಂದು ನಿಮಿಷ ಪರದೆ ನೋಡಬೇಡಿ

ಎದ್ದು ನಿಲ್ಲಿ, ಕಿಟಕಿ ಆಚೆ ನೋಡಿ, ನೀರು ಕುಡಿಯಿರಿ. ಈ ನಿಮಿಷದಲ್ಲಿ ತೋರಿಸುವ ರೀಪ್ಲೇಯಷ್ಟು ಅಂಕ ಕೆಡಿಸುವ ವಸ್ತು ಇನ್ನೊಂದಿಲ್ಲ, ಸೌಂಡ್ ಇಲ್ಲದಿದ್ದರೂ ಕೆಡಿಸುತ್ತದೆ.

ನನ್ನದೇ ಹೇಳುತ್ತೇನೆ. ಒಂದು ಬೌಟ್‌ನ 7ನೇ ರೌಂಡ್. ನೀಲಿಯವನು ಮೂರು ನಿಮಿಷವೂ ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹಾಕುತ್ತಲೇ ಇದ್ದ, ನನ್ನ ಗುರುತು ನೀ, ನೀ, ಕೆಂ. ಬರೆಯುವಷ್ಟರಲ್ಲಿ ಯಾರೋ ಚಟ್ನಿ ಕೇಳಿದರು, ಎದ್ದು ಕೊಟ್ಟು ಬಂದೆ. ಪರದೆಯಲ್ಲಿ ಕೆಂಪಿನವನ ಒಂದು ಹುಕ್ (ಪಕ್ಕದಿಂದ ಬಾಗಿ ಬರುವ ಪಂಚ್) ನಿಧಾನಗತಿಯಲ್ಲಿ ಓಡುತ್ತಿತ್ತು. ಆಮೇಲೆ ಇನ್ನೊಂದು ಕಡೆಯಿಂದ. ಆಮೇಲೆ ಮೇಲಿನಿಂದ. ನನ್ನ ಪೆನ್ನು ಕೆಂಪಿಗೆ 10 ಬರೆಯಿತು. ಮುಂದಿನ ವಾರ ಮತ್ತೆ ಹಾಕಿ ನೋಡಿದರೆ ಆ ರೌಂಡಿನಲ್ಲಿ ಕೆಂಪಿನವನು ಸರಿಯಾಗಿ ಹೊಡೆದದ್ದು ಆ ಒಂದೇ ಒಂದು ಹುಕ್. ನಾನು ಅದನ್ನು ನಾಲ್ಕು ಸಲ ಎಣಿಸಿದ್ದೆ. ರೀಪ್ಲೇಗೆ ಯಾವ ಪಂಚ್ ಆರಿಸಬೇಕು ಅನ್ನುವವರೂ ಚಾನೆಲ್‌ನವರೇ ತಾನೇ.

ಗೆಳೆಯರ ಜೊತೆ "ಯಾರಿಗೆ ಕೊಟ್ಟೆ?" ಅಂತ ಕೇಳುವುದೂ ಈ ನಿಮಿಷದಲ್ಲಿ ಬಂದ್. ಗುಂಪಿನಲ್ಲಿ ಗಟ್ಟಿ ಗಂಟಲಿನವನು ಒಬ್ಬ ಇದ್ದೇ ಇರುತ್ತಾನೆ, ಅವನೂ ಒಂದು ಕಾಮೆಂಟರಿಯೇ.

ಹಂತ 7: ಕೂಡಿ, ತಾಳೆ ನೋಡಿ, ಆಮೇಲೆ ಪ್ರಶ್ನೆ ಚಿಹ್ನೆ ತಿರುಗಿಸಿ

ಬೌಟ್ ಮುಗಿಯಿತು. ತೀರ್ಪು ಹೇಳುವ ಮುಂಚೆಯೇ ಕೂಡಿ, ಹಾಳೆಗೆ ಸಹಿ ಹಾಕಿ ತಲೆಕೆಳಗು ಇಡಿ.

ಕೂಡಿದ್ದು ಸರಿಯೇ ಅಂತ ನೋಡಲು ಸುಲಭ ದಾರಿ ಇದೆ. 12 ರೌಂಡ್‌ನಲ್ಲಿ ಯಾರೂ ಬೀಳದೆ, ಅಂಕ ಕಳೆಯದೆ, ಸಮ ರೌಂಡ್ ಇಲ್ಲದೆ ಹೋದರೆ ಇಬ್ಬರ ಮೊತ್ತ ಸೇರಿ 228 ಬರಲೇಬೇಕು. 115-113 ಕೂಡಿ, 228. 118-110 ಕೂಡಿ, ಅದೂ 228. ನಾಕ್‌ಡೌನ್ (ಪೆಟ್ಟಿಗೆ ನೆಲಕ್ಕೆ ಬೀಳುವುದು) ಒಂದಕ್ಕೆ ಒಂದು ಇಳಿಯುತ್ತದೆ, ರೆಫರಿ ಕಳೆದ ಅಂಕಕ್ಕೆ ಒಂದು ಇಳಿಯುತ್ತದೆ, 10-10 ಹಾಕಿದರೆ ಒಂದು ಏರುತ್ತದೆ. 2022ರ ಫೆಬ್ರವರಿಯಲ್ಲಿ ಗ್ಲಾಸ್ಗೋದಲ್ಲಿ ಜಾಶ್ ಟೇಲರ್ ಒಮ್ಮೆ ನೆಲಕ್ಕೆ ಬಿದ್ದ, ಅವನಿಗೂ ಜ್ಯಾಕ್ ಕ್ಯಾಟರಲ್‌ಗೂ ಒಂದೊಂದು ಅಂಕ ಹೋಯಿತು. ಮೂವರು ಜಡ್ಜ್‌ಗಳ ಕಾರ್ಡ್ (ಅಂಕದ ಹಾಳೆ), ಟೇಲರ್ ಅಂಕ ಮೊದಲು, 114-111, 113-112, 112-113. ಮೂರೂ 225. ನಿಮ್ಮ ಮೊತ್ತ ಹೀಗೆ ತಾಳೆ ಆಗದಿದ್ದರೆ ಜಗಳ ಶುರು ಮಾಡಬೇಡಿ, ಮೊದಲು ಮತ್ತೆ ಕೂಡಿ. ಅಂದಹಾಗೆ ಆ ಬೌಟ್ ಗೆದ್ದದ್ದು ಬಿದ್ದವನೇ, ಟೇಲರ್. ಅದರ ಗಲಾಟೆ ದೊಡ್ಡದಾಗಿ, ಬ್ರಿಟನ್ನಿನ ಬಾಕ್ಸಿಂಗ್ ಮಂಡಳಿ ಒಬ್ಬ ಜಡ್ಜ್‌ನ ದರ್ಜೆಯನ್ನೇ ಇಳಿಸಿತು.

ಈಗ ಪ್ರಶ್ನೆ ಚಿಹ್ನೆ. ನಿಮ್ಮ ಹಾಳೆಯಲ್ಲಿ ಕೆಂಪಿಗೆ ಖಚಿತವಾಗಿ 6 ರೌಂಡ್, ನೀಲಿಗೆ ಖಚಿತವಾಗಿ 3, ಪ್ರಶ್ನೆ ಚಿಹ್ನೆ 3 ಅಂತಿಟ್ಟುಕೊಳ್ಳಿ. ಪ್ರಶ್ನೆಯ ಮೂರನ್ನೂ ಕೆಂಪಿಗೆ ಕೊಡಿ: 117-111. ಮೂರನ್ನೂ ನೀಲಿಗೆ ಕೊಡಿ: 114-114. ಇವೆರಡರ ನಡುವೆ ಯಾವ ಅಂಕ ಬಂದರೂ ಅದು ಮೋಸ ಅಲ್ಲ, ನಿಮಗೂ ಜಡ್ಜ್‌ಗೂ ಅಭಿಪ್ರಾಯ ಬೇರೆ ಅಷ್ಟೇ. ನೀಲಿಗೆ 115-113 ಅಂತ ಕಾರ್ಡ್ ಬಂದರೆ ಅದು ನಿಮ್ಮ ಗಡಿಯ ಆಚೆ. ಆಗ ಬಾಯಿ ತೆಗೆಯಬಹುದು.

ಇದೊಂದು ಲೆಕ್ಕ ಕಲಿತ ಮೇಲೆ ನಮ್ಮ ಮಹಡಿ ಮೇಲಿನ ಜಗಳ ಮುಕ್ಕಾಲು ಪಾಲು ನಿಂತಿದೆ. ನಾವು ಮೋಸ ಅಂತ ಕೂಗಿದ ಎಷ್ಟೋ ಬೌಟ್ ಪ್ರಶ್ನೆ ಚಿಹ್ನೆಯೊಳಗೇ ಇದ್ದವು.

ಎಚ್ಚರ: ಒಂದೇ ಹಾಳೆಯಲ್ಲಿ ಏಳೆಂಟು ಪ್ರಶ್ನೆ ಚಿಹ್ನೆ ಇದ್ದರೆ ನೀವು ಬೌಟ್ ನೋಡಿಲ್ಲ. ಒಂದೂ ಇಲ್ಲದಿದ್ದರೆ ನೀವು ಅಭಿಮಾನಿ.

ಹಂತ 8: ಜಡ್ಜ್‌ಗಳ ಕಾರ್ಡ್ ಪಕ್ಕ ಇಟ್ಟು ರೌಂಡ್ ರೌಂಡೇ ಹೋಲಿಸಿ

ಈಗ ಡಬ್ಬಿಯಿಂದ ಫೋನ್ ತೆಗೆಯಬಹುದು. ದೊಡ್ಡ ಬೌಟ್‌ಗಳ ಕಾರ್ಡ್ ರೌಂಡ್ ಪ್ರಕಾರ ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬರುತ್ತದೆ. ಮೊತ್ತ ಮಾತ್ರ ನೋಡಿ ಮುಗಿಸಬೇಡಿ. ಇಬ್ಬರು ಜಡ್ಜ್ ಒಂದೇ ಮೊತ್ತ ಹಾಕಿದ್ದರೂ ಬೇರೆಬೇರೆ ರೌಂಡ್ ಕೊಟ್ಟಿರಬಹುದು.

ಜಡ್ಜ್‌ಗಳು ರಿಂಗಿನ ಬೇರೆಬೇರೆ ಬದಿಯಲ್ಲಿ ಕೂತಿರುತ್ತಾರೆ. ನಿಮಗೆ ಕ್ಯಾಮೆರಾ ತೋರಿಸಿದ ಪಂಚ್ ಒಬ್ಬರಿಗೆ ಬಾಕ್ಸರ್‌ನ ಬೆನ್ನಿನ ಹಿಂದೆ ಮರೆಯಾಗಿರುತ್ತದೆ. ಅವರಿಗೆ ಕಾಮೆಂಟರಿ ಕೇಳುವುದಿಲ್ಲ, ಪಂಚ್ ಲೆಕ್ಕ ಕಾಣುವುದಿಲ್ಲ. ದೊಡ್ಡ ಬೌಟ್‌ಗಳಲ್ಲಿ ಪ್ರತಿ ರೌಂಡ್ ಮುಗಿದಾಗ ಚೀಟಿಯನ್ನೂ ತೆಗೆದುಕೊಂಡುಬಿಡುತ್ತಾರೆ, ಹಿಂದೆ ಹೋಗಿ ತಿದ್ದಲು ಇಲ್ಲ. ನಾನು ಪೆನ್ನು, ಮಡಿಚಿದ ಹಾಳೆ ಅಂತ ಇಷ್ಟು ಹಟ ಮಾಡಿದ್ದು ಇದಕ್ಕೇ.

ಒಬ್ಬರ ಕಾರ್ಡ್ ಉಳಿದಿಬ್ಬರಿಂದ ತುಂಬಾ ದೂರ ಇದ್ದರೆ ಅದು ಎಚ್ಚರಿಕೆಯ ಗಂಟೆ. 2017ರ ಸೆಪ್ಟೆಂಬರ್‌ನಲ್ಲಿ ಕನೆಲೊ ಆಲ್ವರೆಜ್ ಮತ್ತು ಗೆನ್ನಡಿ ಗೊಲೊವ್ಕಿನ್ ಬೌಟ್ ಡ್ರಾ ಆಯಿತು. ಒಬ್ಬರು ಗೊಲೊವ್ಕಿನ್‌ಗೆ 115-113, ಒಬ್ಬರು 114-114, ಇನ್ನೊಬ್ಬರು ಕನೆಲೊಗೆ 118-110. ಡ್ರಾ ಅನ್ನುವುದು ಅಷ್ಟೇನೂ ಹುಚ್ಚು ತೀರ್ಪಲ್ಲ, ಹುಚ್ಚು ಅನ್ನಿಸುವುದು ಆ 118. ಸ್ಪಷ್ಟವಾದ ಒಂದು ರೌಂಡ್ ತಪ್ಪು ಕಡೆ ಹೋಗಿದ್ದರೂ ಹಾಗೇ. 1999ರಲ್ಲಿ ಲೆನಾಕ್ಸ್ ಲೂಯಿಸ್ ಮತ್ತು ಇವಾಂಡರ್ ಹೋಲಿಫೀಲ್ಡ್ ಮೊದಲ ಸಲ ಎದುರಾದಾಗ, 5ನೇ ರೌಂಡಿನಲ್ಲಿ ಲೂಯಿಸ್ ಚೆನ್ನಾಗಿ ಬಾರಿಸಿದ್ದ, ಒಬ್ಬ ಜಡ್ಜ್ ಅದನ್ನು ಹೋಲಿಫೀಲ್ಡ್‌ಗೆ ಕೊಟ್ಟರು. ಅದೂ ಡ್ರಾ. ಇನ್ನು 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ಗೆ ಯಾವ ಹಾಳೆಯೂ ಬೇಡ. ರಾಯ್ ಜೋನ್ಸ್ 86 ಪಂಚ್, ಕೊರಿಯಾದ ಪಾರ್ಕ್ ಸಿ-ಹುನ್ 32 ಅಂತ ಎಣಿಸಿದವರ ಲೆಕ್ಕ. ತೀರ್ಪು 3-2ರಲ್ಲಿ ಪಾರ್ಕ್‌ಗೆ.

ಹಂತ 9: ಈಗ ಸೌಂಡ್ ಹಾಕಿ, ಕಾಮೆಂಟರಿಗೇ ಅಂಕ ಹಾಕಿ

ಹಾಳೆಗೆ ಸಹಿ ಬಿದ್ದ ಮೇಲೆ, ಸಾಧ್ಯವಾದರೆ ಮಾರನೇ ದಿನ, ನಾಲ್ಕೈದು ರೌಂಡ್ ಸೌಂಡ್ ಹಾಕಿ ನೋಡಿ. ಹೊಸ ಹಾಳೆ. ಒಬ್ಬ ಪಂಚ್ ಹೊಡೆದಾಗ ಅವರು ಹೆಸರು ಹೇಳಿದರೆ ಒಂದು ಗೀಟು, ಹೇಳದೆ ಬಿಟ್ಟರೆ ಒಂದು ಸೊನ್ನೆ. ಇಬ್ಬರಿಗೂ. ಒಂದು ಕಡೆ ಗೀಟುಗಳ ಸಾಲು, ಇನ್ನೊಂದು ಕಡೆ ಸೊನ್ನೆಗಳ ಸಾಲು ಕಂಡರೆ ಬೇರೆ ಸಾಕ್ಷಿ ಬೇಡ.

ಮಾತಿನಲ್ಲಿ ಹಿಡಿಯಬೇಕಾದ ಗುರುತು ಕೆಲವಿವೆ. ಒಬ್ಬ ಹಿಂದೆ ಸರಿದರೆ "ಜಾಣತನ", ಇನ್ನೊಬ್ಬ ಸರಿದರೆ "ಓಡುತ್ತಿದ್ದಾನೆ". ಒಬ್ಬನ ಪೆಟ್ಟು ಗಾಳಿಗೆ ಹೋದರೆ "ಒತ್ತಡ ಹೇರುತ್ತಿದ್ದಾನೆ". ಬೌಟ್ ಶುರುವಾಗುವ ಮುಂಚೆ ಒಂದು ಕಥೆ ಹೇಳಿರುತ್ತಾರೆ, ಇವನಿಗೆ ವಯಸ್ಸಾಯಿತು ಅಂತಲೋ ಇವನು ಮುಂದಿನ ದೊಡ್ಡ ತಾರೆ ಅಂತಲೋ. ಪರದೆಯಲ್ಲಿ ಏನೇ ನಡೆದರೂ ಆ ಕಥೆಯನ್ನೇ ಮುಗಿಸುತ್ತಾರೆ. ಇದರಲ್ಲಿ ಕೆಟ್ಟತನವೇ ಇರಬೇಕು ಅಂತಿಲ್ಲ. ಬಾಕ್ಸರ್‌ನ ಮುಂದಿನ ಬೌಟ್ ಕೂಡ ಅದೇ ಚಾನೆಲ್‌ನಲ್ಲಿ ಬರಬೇಕಾಗಿರಬಹುದು. ಬಿಡುವಿಲ್ಲದೆ ಮಾತಾಡುತ್ತಾ ನೆಟ್ಟಗೆ ಅಂಕ ಹಾಕುವುದು ಯಾರಿಗೂ ಆಗದ ಕೆಲಸ. ನಂಬದಿದ್ದರೆ ನೀವೇ ಒಂದು ರೌಂಡ್ ಜೋರಾಗಿ ವರ್ಣಿಸುತ್ತಾ ಅಂಕ ಹಾಕಿ ನೋಡಿ.

2012ರ ಜೂನ್‌ನ ಮ್ಯಾನಿ ಪ್ಯಾಕಿಯಾವೊ, ಟಿಮೊಥಿ ಬ್ರ್ಯಾಡ್ಲಿ ಬೌಟ್ ಇದಕ್ಕೆ ಸರಿಯಾದ ಪಾಠ. ಇಬ್ಬರು ಜಡ್ಜ್‌ಗಳು ಬ್ರ್ಯಾಡ್ಲಿಗೆ 115-113, ಒಬ್ಬರು ಪ್ಯಾಕಿಯಾವೊಗೆ 115-113. ಬ್ರ್ಯಾಡ್ಲಿ ಗೆದ್ದ, ಲೋಕವೆಲ್ಲ ಮೋಸ ಅಂದಿತು. ಆಮೇಲೆ ಪಟ್ಟ ಕೊಡುವ ಸಂಸ್ಥೆ ಡಬ್ಲ್ಯುಬಿಒ ಐವರು ಜಡ್ಜ್‌ಗಳನ್ನು ಕೂರಿಸಿ ವಿಡಿಯೊ ತೋರಿಸಿದಾಗ ಐವರೂ ಪ್ಯಾಕಿಯಾವೊಗೇ ಕೊಟ್ಟರು. ನನ್ನ ಹಾಳೆಯಲ್ಲೂ ಅವನೇ, 116-112. ಆದರೆ ಆ ರಾತ್ರಿ ಎಚ್‌ಬಿಒ ಚಾನೆಲ್‌ ಪರವಾಗಿ ಹೆರಾಲ್ಡ್ ಲೆಡರ್‌ಮನ್ ಹಾಕಿದ ಅಂಕ ಪ್ಯಾಕಿಯಾವೊಗೆ 119-109. ಅಂದರೆ 12ರಲ್ಲಿ 11 ರೌಂಡ್. ಪ್ಯಾಕಿಯಾವೊ ಗೆದ್ದ ಅಂದ ಜಡ್ಜ್ ಕೂಡ ಅವನಿಗೆ ಕೊಟ್ಟದ್ದು 7 ರೌಂಡ್. ತೀರ್ಪು ತಪ್ಪಾಗಿರಬಹುದು, ಅದು ದರೋಡೆಯ ಹಾಗೆ ಕಾಣಲು ಅರ್ಧ ಕಾರಣ ಪರದೆಯ ಮೇಲಿದ್ದ ಆ 119. ಎರಡೂ ಒಟ್ಟಿಗೆ ನಿಜ ಆಗಬಹುದು ಅನ್ನುವುದನ್ನು ಗೆಳೆಯರಿಗೆ ಒಪ್ಪಿಸಲು ನನಗೆ ಎರಡು ಭಾನುವಾರ ಬೇಕಾಯಿತು.

ಬೇರೆಯವರ ಚಾನೆಲ್ ಮಾತ್ರ ಹೀಗೆ ಅಂದುಕೊಳ್ಳಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ನಿಶಾಂತ್ ದೇವ್ ಮೆಕ್ಸಿಕೊದ ಮಾರ್ಕೊ ವೆರ್ಡೆಗೆ 1-4ರಲ್ಲಿ ಸೋತಾಗ, ನಮ್ಮ ಕಾಮೆಂಟರಿ ಕೇಳುತ್ತಾ ನಾನು ಮೂರೂ ರೌಂಡ್ ನಿಶಾಂತ್‌ಗೆ ಹಾಕಿದ್ದೆ. ಸೌಂಡ್ ಬಂದ್ ಮಾಡಿ ಮತ್ತೆ ನೋಡಿದಾಗ ಎರಡನೆಯದಕ್ಕೆ ಪ್ರಶ್ನೆ ಚಿಹ್ನೆ ಬಿತ್ತು, ಮೂರನೆಯದರಲ್ಲಿ ಹುಡುಗ ಸುಸ್ತಾಗಿದ್ದ, ನೀಲಿ ಕೆಂಪು ಅಂತ ನೋಡಿದ್ದರೆ ನಾನೂ ವೆರ್ಡೆಗೇ ಕೊಡುತ್ತಿದ್ದೆ. ಭಾಮೈದನಿಗೆ ಹೇಳಿದೆ. "ಭಾವ, ನೀವು ಯಾವ ದೇಶದವರು?" ಅಂದ.

ಮಧ್ಯೆ ಕೆಟ್ಟರೆ

ಕರೆಂಟ್ ಹೋದರೆ, ನೆಟ್ ನಿಂತರೆ, ಆ ರೌಂಡಿನ ಮುಂದೆ "ನೋಡಿಲ್ಲ" ಅಂತ ಬರೆದು ಖಾಲಿ ಬಿಡಿ. ಬೇರೆಯವರನ್ನು ಕೇಳಿ ತುಂಬಬೇಡಿ. ಕೂಡುವಾಗ ಅದನ್ನು ಪ್ರಶ್ನೆ ಚಿಹ್ನೆ ಅಂತಲೇ ಹಿಡಿಯಿರಿ, ಒಮ್ಮೆ ಕೆಂಪಿಗೆ ಒಮ್ಮೆ ನೀಲಿಗೆ. ಅರ್ಧ ರೌಂಡ್ ನೋಡಿದ್ದರೂ ನೋಡಿಲ್ಲ ಅಂತಲೇ ಲೆಕ್ಕ. ಯುಪಿಎಸ್ ಇರುವ ಮನೆ ಹುಡುಕಿಕೊಂಡರೆ ಇನ್ನೂ ಒಳ್ಳೆಯದು, ಇಡ್ಲಿ ಪಾರ್ಸೆಲ್ ಅಲ್ಲಿಗೇ ತರಿಸಬಹುದು.